ಲಾಯೋಲಿನ ಚೂರಿ

ಫ್ರಾನ್ಸಿನ ದಕ್ಷಿಣ ಭಾಗದಲ್ಲಿ, ಸುಮಾರು 1000 ಮೀಟರ್ ಎತ್ತರದ ಓಬ್ರಾಕ್ ಪ್ರಸ್ಥಭೂಮಿಯ ಮೇಲೆ, ಗೋಪಾಲನೆಯನ್ನೇ ಜೀವನಾಧಾರವಾಗಿ ಉಳ್ಳ ಲಾಯೋಲ್ ಎಂಬ ಸಣ್ಣ ಊರಿದೆ. ಅಲ್ಲಿ 1829ರಲ್ಲಿ ಪಿಯೆರ್ ಝಾನ್ ಕಾಲ್ಮೆಲ್ಸ್ ಎಂಬಾತನು ರೂಪಿಸಿದನೆಂದು ಪ್ರತೀತಿಯುಳ್ಳ ಮಡಿಸುವ ಚೂರಿಯು ಆ ಜನರ ಬಾಳಿನೊಡನೆಯೇ ಬೆಳೆಯಿತು: ಎಳೆಹುಲ್ಲು ಮೇದು ಹೊಟ್ಟೆಯುಬ್ಬಿದ ದನದ ಪಕ್ಕೆಯನ್ನು ಚುಚ್ಚಿ ವಾಯುವನ್ನು ಹೊರಬಿಡುವ ದಬ್ಬಳವು ಮೊದಲು ಅದಕ್ಕೆ ಸೇರಿತು, ಜೀವನೋಪಾಯಕ್ಕಾಗಿ ಪ್ಯಾರಿಸಿಗೆ ವಲಸೆಹೋದವರು ಅಲ್ಲಿನ ಪಾನಗೃಹಗಳಲ್ಲಿ ನೆಲೆಯೂರಿದಂತೆ, 1880ರ ವೇಳೆಗೆ ಸೀಸೆಯ ಬಿರಡೆಯನ್ನು ಕೀಳುವ ತಿರುಪೂ ಸೇರಿತು.

ಆದರೆ ಈ ಬಗೆಯಾಗಿ ಪ್ರಸಿದ್ಧಿಗೆ ಬಂದ ವಸ್ತುವಿನ ಬೇಡಿಕೆಯನ್ನು ಬೆಟ್ಟದ ಮೇಲಣ ಕೆಲವೇ ಕುಲುಮೆಗಳು ಪೂರೈಸಲಾರದೆ ಹೋದುವು. ಉತ್ತರಕ್ಕಿರುವ ತಿಯೇರ್ ಪಟ್ಟಣವಾದರೋ ದ್ಯುರೋಲ್ ನದಿಯ ಕಡಿದಾದ ಕಣಿವೆಯಲ್ಲಿ, ನೀರ್ಚಕ್ರಗಳ ಬಲದಿಂದ, ಶತಮಾನಗಳಿಂದ ಚೂರಿಗಳನ್ನೇ ಮಾಡುತ್ತ ಬಂದುದು. ಅಲಗನ್ನು ಬಡಿಯುವವನು, ಸಾಣೆ ಹಿಡಿಯುವವನು, ಹೊಳಪು ಕೊಡುವವನು, ಹಿಡಿಯನ್ನು ಕೂಡಿಸುವವನು ಎಂದು ಅಲ್ಲಿ ಕೆಲಸವು ಮನೆಮನೆಗೆ ಹಂಚಿಹೋಗಿತ್ತು. ಸಾಣೆಗಾರನು ಸುತ್ತುವ ಕಲ್ಲಿನ ಮೇಲಣ ಹಲಗೆಯಲ್ಲಿ ಬೋರಲಾಗಿ ಮಲಗಿ ದುಡಿಯುತ್ತಿದ್ದನು; ನೀರಿನ ಶೈತ್ಯಕ್ಕೆ ಮರಗಟ್ಟುವ ಕಾಲುಗಳನ್ನು ಬೆಚ್ಚಗಿಡಲು ಅವನ ಸಾಕುನಾಯಿಯು ಅವುಗಳ ಮೇಲೆ ಮಲಗಿರುತ್ತಿತ್ತು. ಮೊದಲನೆಯ ಮಹಾಯುದ್ಧದ ತರುವಾಯ ಲಾಯೋಲಿನ ಕುಲುಮೆಗಳು ಕ್ಷೀಣಿಸಿ, ಇಪ್ಪತ್ತನೆಯ ಶತಮಾನದ ಮಧ್ಯದ ವೇಳೆಗೆ ಆ ಊರಿನ ಚೂರಿಗಳೆಲ್ಲ ಬಹುಮಟ್ಟಿಗೆ ತಿಯೇರಿನಲ್ಲೇ ಸಿದ್ಧವಾಗತೊಡಗಿದುವು. ಇದನ್ನು ಅಪಹರಣವೆನ್ನುವುದು ನ್ಯಾಯವಲ್ಲ. ಮೂಲಸ್ಥಾನದಲ್ಲಿ ನಂದುತ್ತಿದ್ದ ವಿದ್ಯೆಯನ್ನು ಪರಸ್ಥಳದ ನುರಿತ ಕೈಗಳು ಕಾಪಾಡಿದುವು.

1987ರಲ್ಲಿ ಲಾಯೋಲಿನಲ್ಲಿ ಹೊಸ ಕಾರ್ಖಾನೆಯೊಂದು ಸ್ಥಾಪಿತವಾಗಿ ಕುಲುಮೆ ಮತ್ತೆ ಉರಿಯಿತು. ಆದರೆ ಅದುವರೆಗೆ ಊರಿನ ಹೆಸರು ಯಾರ ಸ್ವತ್ತೂ ಆಗಿರಲಿಲ್ಲ. 1993ರಲ್ಲಿ ಹೊರಗಿನ ವರ್ತಕನೊಬ್ಬನು ಅದನ್ನು ನಾನಾ ಪದಾರ್ಥಗಳ ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಂಡನು. ಚೀನಾ, ಪಾಕಿಸ್ತಾನಗಳಲ್ಲಿ ತಯಾರಾದ ಅಗ್ಗದ ಚೂರಿಗಳೂ ಅದೇ ಹೆಸರನ್ನು ಹೊತ್ತು ಅಂಗಡಿಗಳಿಗೆ ಬಂದುವು. 2012ರಲ್ಲಿ ಆ ವ್ಯಾಪಾರಮುದ್ರೆಯ ವಿರುದ್ಧ ನ್ಯಾಯಾಲಯದಲ್ಲಿ ಸೋತ ಗ್ರಾಮಸ್ಥರು ಪ್ರತಿಭಟನಾರ್ಥವಾಗಿ ತಮ್ಮ ಊರಿನ ನಾಮಫಲಕವನ್ನೇ ಕಿತ್ತರು. ಕೈಗಾರಿಕಾ ವಸ್ತುಗಳಿಗೂ ಭೌಗೋಳಿಕ ಸೂಚಿಕೆಯ ರಕ್ಷಣೆಯನ್ನು ನೀಡುವ ಶಾಸನವು ಫ್ರಾನ್ಸಿನಲ್ಲಿ ಬಂದುದು 2014ರಲ್ಲಿ.

ಶಾಸನವು ಬಂದರೂ ಗಡಿಯನ್ನು ಎಲ್ಲಿ ಎಳೆಯಬೇಕೆಂಬ ವಿವಾದವು ಉಳಿಯಿತು. ಊರಿನ ಸುತ್ತಲೇ ಎಳೆದರೆ, ಆ ಚೂರಿಯನ್ನು ದಶಕಗಳ ಕಾಲ ಬದುಕಿಸಿದ ತಿಯೇರ್ ಹೊರಗುಳಿಯುವುದು. ಕೆಲಸವು ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದು ಕಸುಬುಗಳ ಇತಿಹಾಸದಲ್ಲಿ ಪ್ರಾಚೀನವಾದ ಸಂಗತಿ. ತಿಯೇರಿಗೆ ಹೆಸರಿನೊಡನೆ ಕೌಶಲದ ಹೊಣೆಯೂ ಹೋಗಿತ್ತು. ಹೊಣೆಯನ್ನು ಹಿಂದೆ ಬಿಟ್ಟು ಹೆಸರೊಂದೇ ಸಮುದ್ರ ದಾಟಿದುದು ನಮ್ಮ ಕಾಲದ ಹೊಸತು, ಮತ್ತು ಕಾನೂನು ತಡೆಯಬೇಕಾದುದೂ ಅದನ್ನೇ.