ಚಹಾದಂಗಡಿಯ ಗುಮಾಸ್ತ ಪ್ರೊಫೆಸರ್ ಆದ ಕಥೆ

ಕೆಲವು ವರ್ಷಗಳ ಹಿಂದೆ ಉಪ್ಪಳದ ಹತ್ತಿರದ ನಮ್ಮ ದಿನಸಿ ಅಂಗಡಿಗೆ ನಾನೇ ಹಠ ಹಿಡಿದು ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದೆ. ಉಪ್ಪನಿಗೆ ಮನಸ್ಸಿರಲಿಲ್ಲ. ಮೂರೇ ತಿಂಗಳಲ್ಲಿ ಅದು ಮೂಲೆ ಸೇರಿತು. ಸಾಲ ಬರೆಯಬೇಕಾದರೆ ಅದಕ್ಕೆ ವಾಯಿದೆಯ ತಾರೀಕು ಬೇಕು. ನಮ್ಮಲ್ಲಿ ಬೀಡಿ ಕಟ್ಟುವವರು ವಾರಕ್ಕೊಮ್ಮೆ ಕೊಡುತ್ತಾರೆ, ತೋಟದವರು ಅಡಿಕೆ ಮಾರಿದ ಮೇಲೆ, ಗಂಡ ಗಲ್ಫಿನಲ್ಲಿರುವ ಮನೆಯವರು ಅಲ್ಲಿಂದ ಹಣ ಬಂದ ಮೇಲೆ. ಒಂದೇ ಹೆಸರಿನ ಮೂವರು ಗಿರಾಕಿಗಳನ್ನು ಉಪ್ಪ ಮನೆ ಹೆಸರಿನಿಂದ ಗುರುತು ಹಿಡಿಯುತ್ತಿದ್ದರು. ಸಾಫ್ಟ್‌ವೇರಿನಲ್ಲಿ ಮನೆ ಹೆಸರಿಗೆ ಜಾಗವೇ ಇರಲಿಲ್ಲ. ಒಬ್ಬರ ಬಾಕಿಯನ್ನು ನಾನು ಇನ್ನೊಬ್ಬರ ಬಳಿ ಕೇಳಿಬಿಟ್ಟೆ. ಇಪ್ಪತ್ತು ವರ್ಷದ ಗಿರಾಕಿ, ಒಂದು ಮಾತೂ ಆಡದೆ ಚೀಲ ಅಲ್ಲೇ ಬಿಟ್ಟು ಹೋದರು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಯಂತ್ರ ನಿಂತರೆ ಯಾವ ಭಾಗ ಕೆಟ್ಟಿದೆ ಎಂದು ನೋಡುವುದು ಅಭ್ಯಾಸ. ಇಲ್ಲಿ ಯಂತ್ರದಲ್ಲಿ ಏನೂ ಕೆಟ್ಟಿರಲಿಲ್ಲ. ಹಾಗಾದರೆ ತಪ್ಪಿದ್ದು ಎಲ್ಲಿ? ಇದನ್ನೇ ಹುಡುಕುತ್ತಾ ಓದುವಾಗ ಸಿಕ್ಕಿದ ಹೆಸರು ಫ್ರಾಂಕ್ ಲ್ಯಾಂಡ್.

ಲ್ಯಾಂಡ್ 1928ರಲ್ಲಿ ಬರ್ಲಿನ್‌ನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದವರು. ರಾಲ್ಫ್ ಅವರ ಅವಳಿ ಸಹೋದರ. ಹಿಟ್ಲರನ ಆಳ್ವಿಕೆಯಿಂದ ತಪ್ಪಿಸಿಕೊಂಡು 1939ರಲ್ಲಿ ಕುಟುಂಬ ಇಂಗ್ಲೆಂಡ್ ಸೇರಿತು. ಫ್ರಾಂಕ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರ ಓದಿ, 1952ರಲ್ಲಿ ಜೆ. ಲಯನ್ಸ್ ಕಂಪನಿಯಲ್ಲಿ ಗುಮಾಸ್ತರಾಗಿ ಸೇರಿದರು.

ಲಯನ್ಸ್ ಅಂದರೆ ಚಹಾದಂಗಡಿಗಳ ಕಂಪನಿ. 1894ರಲ್ಲಿ ಲಂಡನ್ನಿನ ಪಿಕಡಿಲಿಯಲ್ಲಿ ಮೊದಲ ಅಂಗಡಿ ತೆರೆದು, ಆಮೇಲೆ ಊರೂರಿಗೆ ಹಬ್ಬಿತು. ಚಹಾ, ಬ್ರೆಡ್ಡು, ಕೇಕು ಮಾರಿ ಒಂದೊಂದರಲ್ಲಿ ಸಿಗುವ ಲಾಭ ಕೆಲವೇ ಕಾಸು. ಅದರ ಲೆಕ್ಕ ಬರೆಯುವ ಗುಮಾಸ್ತರ ಖರ್ಚೇ ಲಾಭವನ್ನು ತಿನ್ನುತ್ತಿತ್ತು. 1947ರಲ್ಲಿ ಕಂಪನಿಯ ಇಬ್ಬರು ಅಧಿಕಾರಿಗಳು ಅಮೆರಿಕಕ್ಕೆ ಹೋಗಿ ಅಲ್ಲಿನ ಹೊಸ ಗಣಕಯಂತ್ರಗಳ ವಿಚಾರ ತಿಳಿದುಕೊಂಡರು. ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಅಂಥದ್ದೊಂದನ್ನು ಕಟ್ಟುತ್ತಿದ್ದಾರೆ ಎಂಬುದೂ ಅಲ್ಲೇ ಗೊತ್ತಾಯಿತು. ಲಯನ್ಸ್ ಆ ಕೆಲಸಕ್ಕೆ 3000 ಪೌಂಡ್ ಕೊಟ್ಟಿತು. ಆಮೇಲೆ ಅದೇ ಮಾದರಿಯಲ್ಲಿ ತನ್ನದೇ ಯಂತ್ರ ಕಟ್ಟಿಕೊಂಡಿತು. ಹೆಸರು ಲಿಯೋ, ಅಂದರೆ ಲಯನ್ಸ್ ಎಲೆಕ್ಟ್ರಾನಿಕ್ ಆಫೀಸ್. 1951ರ ನವೆಂಬರಿನಲ್ಲಿ ಅದು ಬೇಕರಿಯ ಲೆಕ್ಕ ಮಾಡತೊಡಗಿತು. ವ್ಯಾಪಾರದ ದಿನನಿತ್ಯದ ಕೆಲಸವನ್ನು ಕಂಪ್ಯೂಟರ್ ಮಾಡಿದ್ದು ಜಗತ್ತಿನಲ್ಲಿ ಅದೇ ಮೊದಲು. ಒಬ್ಬ ನೌಕರನ ಸಂಬಳದ ಲೆಕ್ಕಕ್ಕೆ ಅನುಭವಿ ಗುಮಾಸ್ತನಿಗೆ 8 ನಿಮಿಷ ಬೇಕಾಗುತ್ತಿತ್ತು. ಲಿಯೋಗೆ ಸಾಕಾದದ್ದು ಒಂದೂವರೆ ಸೆಕೆಂಡ್.

ನನ್ನನ್ನು ಹಿಡಿದದ್ದು ಈ ವೇಗವಲ್ಲ, 1954ರಲ್ಲಿ ಲಿಯೋಗೆ ವಹಿಸಿದ ಚಹಾದಂಗಡಿಗಳ ಆರ್ಡರಿನ ಕೆಲಸ. ಅದಕ್ಕೆ ಮೊದಲು ಪ್ರತಿ ಅಂಗಡಿಯ ಮೇಲ್ವಿಚಾರಕಿ ನಾಳೆಗೆ ಬೇಕಾದ್ದನ್ನೆಲ್ಲ ದಿನಾ ಬರೆದು ಕಳಿಸಬೇಕಿತ್ತು. ಲಿಯೋ ತಂಡದವರು ಅವರ ಕೆಲಸ ಹೇಗೆ ನಡೆಯುತ್ತದೆಂದು ನೋಡಿದರು. ವಾರದ ಒಂದೊಂದು ದಿನಕ್ಕೆ ಆರ್ಡರು ಹೆಚ್ಚುಕಡಿಮೆ ಒಂದೇ. ಹಾಗಾಗಿ ಮಾಮೂಲಿ ಆರ್ಡರನ್ನು ಯಂತ್ರದಲ್ಲಿಟ್ಟು, ವ್ಯತ್ಯಾಸವಿದ್ದರೆ ಅದನ್ನು ಮಾತ್ರ ಫೋನಿನಲ್ಲಿ ಹೇಳುವಂತೆ ಮಾಡಿದರು. ಈ ಕಡೆ ಕುಳಿತವರು ಕೇಳಿದ್ದನ್ನು ಹಾಗೆಯೇ ಕಾರ್ಡಿಗೆ ಪಂಚ್ ಮಾಡುತ್ತಿದ್ದರು. ಅಂಗಡಿಯವಳ ಹೊರೆ ಇಳಿಯಿತು.

ಲ್ಯಾಂಡ್ ಕಸುಬು ಕಲಿತದ್ದು ಈ ತಂಡದಲ್ಲಿ. 1967ರಲ್ಲಿ ಅವರನ್ನು ತಾವು ಓದಿದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೇ ಕರೆಸಿಕೊಂಡರು, ಸಿಸ್ಟಮ್ಸ್ ಅನಾಲಿಸಿಸ್‌ನ ಪಾಠ ಮತ್ತು ಸಂಶೋಧನೆ ಶುರುಮಾಡಲಿಕ್ಕೆ. ಗಣಿತದವರಿಗೆ ಇದು ಗಣಿತವಲ್ಲ, ಎಂಜಿನಿಯರುಗಳಿಗೆ ಎಂಜಿನಿಯರಿಂಗ್ ಅಲ್ಲ. ಅಂಥ ಹೊಸ ವಿಷಯಕ್ಕೆ ಅಲ್ಲಿ ನೆಲೆ ಕೊಟ್ಟವರಲ್ಲಿ ಲ್ಯಾಂಡ್ ಮುಖ್ಯರು. 1982ರಲ್ಲಿ ಆ ವಿಷಯದ ಪ್ರೊಫೆಸರ್ ಆದರು. 1986ರಲ್ಲಿ ಲಂಡನ್ ಬಿಸಿನೆಸ್ ಸ್ಕೂಲಿಗೆ ಹೋದರು, 1991ರಲ್ಲಿ ನಿವೃತ್ತರಾದರು. ಪತ್ನಿ ಐಲ್ಸಾ ಲ್ಯಾಂಡ್ ಕೂಡ ಸಾಮಾನ್ಯರಲ್ಲ. ಅಲಿಸನ್ ಡಾಯ್ಗ್ ಜತೆ 1960ರಲ್ಲಿ ಅವರು ಪ್ರಕಟಿಸಿದ 'ಬ್ರಾಂಚ್ ಆಂಡ್ ಬೌಂಡ್' ಲೆಕ್ಕದ ವಿಧಾನ ಇಂದಿಗೂ ಕಾರ್ಖಾನೆ, ಸಾಗಾಟದ ಯೋಜನೆಗಳಲ್ಲಿ ಬಳಕೆಯಲ್ಲಿದೆ.

ಲ್ಯಾಂಡ್ ಅವರ ಬರಹಗಳಲ್ಲಿ ನನಗೆ ಎರಡು ಮಾತು ಮುಖ್ಯ. ಒಂದು, ವ್ಯವಸ್ಥೆಯನ್ನು ಬಳಸುವವರೇ ಅದನ್ನು ರೂಪಿಸುವಾಗಲೂ ಕೂತಿರಬೇಕು. ಎನಿಡ್ ಮಂಫರ್ಡ್ ಮತ್ತು ಹಾಗುಡ್ ಜತೆ 1978ರಲ್ಲಿ ಅವರು ಇದನ್ನು ಬರೆದರು. ಎರಡು, ಬಳಸುವವರ ಅಗತ್ಯ ಬದಲಾಗುತ್ತಲೇ ಇರುತ್ತದೆ. ಆ ಬದಲಾವಣೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಬೇಕು. ಇದು 1982ರ ಲೇಖನದ ವಿಷಯ.

ಲಿಯೋ ಉಳಿಯಲಿಲ್ಲ. ಕಂಪ್ಯೂಟರ್ ವಿಭಾಗ 1963ರಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಜತೆ ಸೇರಿತು, ಮುಂದೆ ಹೆಸರೂ ಅಳಿಸಿತು. ಆದರೆ ಈ ವಿಷಯದ ಅಂತಾರಾಷ್ಟ್ರೀಯ ವಿದ್ವಾಂಸರ ಸಂಘ ಜೀವಮಾನದ ಸಾಧನೆಗೆ ಕೊಡುವ ಗೌರವಕ್ಕೆ ಇರುವುದು ಲಿಯೋ ಹೆಸರೇ. 2003ರಲ್ಲಿ ಅದು ಲ್ಯಾಂಡ್ ಅವರಿಗೆ ಸಂದಿತು. ಚಹಾದಂಗಡಿಯ ಯಂತ್ರದ ಹೆಸರಿನ ಗೌರವ, ಅದೇ ಕಂಪನಿಯ ಹಳೆಯ ಗುಮಾಸ್ತನಿಗೆ.

ಇದನ್ನೆಲ್ಲ ಓದಿದ ಮೇಲೆ ನನ್ನ ತಪ್ಪು ನನಗೆ ಕಂಡಿತು. ಸಾಫ್ಟ್‌ವೇರ್ ತರುವ ಮೊದಲು ನಾನು ಉಪ್ಪನ ಪುಸ್ತಕವನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಅದು ಹಳೇ ಕಾಲದ್ದು ಎಂದಷ್ಟೇ ಅಂದುಕೊಂಡಿದ್ದೆ. ಈಗ ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಅವರ ಪಕ್ಕ ಕುಳಿತು ಒಂದೊಂದೇ ಹಾಳೆ ಕೇಳಿ ತಿಳಿಯುತ್ತಿದ್ದೇನೆ: ಈ ಗೀಟು ಯಾಕೆ, ಈ ಹೆಸರಿನ ಮುಂದೆ ಚುಕ್ಕೆ ಯಾಕೆ ಎಂದು. ಚುಕ್ಕೆ ಹಾಕಿದವರ ಹತ್ತಿರ ಬಾಕಿ ಕೇಳಬಾರದಂತೆ. ಮನೆಯಲ್ಲಿ ಕಾಯಿಲೆ ಇದೆ ಎಂದು ಅರ್ಥ. ಅಂಥ ಚುಕ್ಕೆಗೆ ಜಾಗವಿಲ್ಲದ ಯಾವುದನ್ನೂ ಇನ್ನು ನಮ್ಮ ಅಂಗಡಿಗೆ ತರುವುದಿಲ್ಲ.

ಚೀಲ ಬಿಟ್ಟು ಹೋದವರ ಮನೆಗೆ ಕಳೆದ ತಿಂಗಳು ಉಪ್ಪನ ಜತೆ ಹೋಗಿ ತಪ್ಪಾಯಿತೆಂದು ಹೇಳಿ ಬಂದೆ. ಚಹಾ ಕೊಟ್ಟರು. ಅಂಗಡಿಗೆ ಇನ್ನೂ ಬಂದಿಲ್ಲ.