ಫ್ಯಾಕ್ಟರಿ ಮೊದಲಿತ್ತು, ನೀವು ಆಮೇಲೆ ಬಂದ್ರಿ

ಇವತ್ತು ನಾನು ಮಾತಾಡೋಕೆ ಹೊರಟಿರೋದು ಒಂದೇ ಒಂದು ವಾದದ ಇತಿಹಾಸ. ಪಕ್ಕದ ಕಾರ್ಖಾನೆಯ ವಾಸನೆ ತಡೆಯೋಕಾಗ್ತಿಲ್ಲ, ರಾತ್ರಿಯೆಲ್ಲ ಮಷೀನಿನ ಸದ್ದು, ಮಕ್ಕಳಿಗೆ ನಿದ್ದೆಯಿಲ್ಲ ಅಂತ ಒಂದು ಬಡಾವಣೆಯವರು ದೂರು ಕೊಡ್ತಾರೆ ಅಂದುಕೊಳ್ಳಿ. ಎದುರಿಂದ ಬರೋ ಮೊದಲ ಉತ್ತರ ಏನು? "ಫ್ಯಾಕ್ಟರಿ ಮೊದಲಿಂದಲೂ ಇಲ್ಲೇ ಇದೆ ಸ್ವಾಮಿ, ನೀವು ಆಮೇಲೆ ಬಂದವರು. ಗೊತ್ತಿದ್ದೂ ಯಾಕೆ ಬಂದ್ರಿ?" ಮುಂಬಯಿಯ ಚೆಂಬೂರಿರಲಿ, ಚೆನ್ನೈನ ಮಣಲಿಯಿರಲಿ, ಹೈದರಾಬಾದ್ ಪಕ್ಕದ ಪಟಾನ್‌ಚೆರು ಇರಲಿ, ಭಾಷೆ ಬದಲಾಗುತ್ತೆ, ಉತ್ತರ ಬದಲಾಗೋದಿಲ್ಲ. ಕೇಳಿದರೆ ನ್ಯಾಯವಾಗಿಯೇ ಇದೆ ಅನ್ನಿಸುತ್ತೆ. ದೂರು ಕೊಡೋಕೆ ಹೋದವರಲ್ಲಿ ಅರ್ಧ ಮಂದಿ ಇದನ್ನು ಕೇಳಿಯೇ ವಾಪಸ್ ಬಂದುಬಿಡ್ತಾರೆ.

ಆದರೆ ಕಾನೂನು ಈ ಉತ್ತರವನ್ನು ತಳ್ಳಿಹಾಕಿ ಹೆಚ್ಚುಕಡಿಮೆ ಎರಡು ಶತಮಾನ ಆಗ್ತಾ ಬಂತು. ನಮ್ಮ ಕೋರ್ಟುಗಳು ಈ ವಿಷಯದಲ್ಲಿ ಇಂಗ್ಲೆಂಡಿನ ತೀರ್ಪುಗಳ ಜಾಡಿನಲ್ಲೇ ನಡೆದು ಬಂದಿರೋದರಿಂದ ಅಲ್ಲಿಂದಲೇ ಶುರು ಮಾಡಬೇಕು.

1838ರಲ್ಲಿ ಇಂಗ್ಲೆಂಡಿನ ಕೋರ್ಟಿಗೆ ಒಂದು ಮೇಣದಬತ್ತಿಯ ಕೇಸು ಬಂತು. ಮೇಣದಬತ್ತಿ ಅಂದರೆ ಈಗಿನ ಬಿಳೀ ಮೇಣ ಅಲ್ಲ. ಪ್ರಾಣಿಗಳ ಕೊಬ್ಬು ಕಾಯಿಸಿ ಮಾಡ್ತಿದ್ದದ್ದು. ಕೊಬ್ಬು ಕಾಯುವಾಗ ಏಳುವ ನಾತ ಹೇಗಿರುತ್ತೆ ಅಂತ ನಾನು ವರ್ಣಿಸಬೇಕಾಗಿಲ್ಲ. ಪಕ್ಕದ ಮನೆಯವನು ದಾವೆ ಹೂಡಿದ. ಬತ್ತಿ ಮಾಡುವವನ ವಾದ ಇಷ್ಟೇ: ಇವನು ಬರೋಕೆ ಮೂರು ವರ್ಷ ಮೊದಲಿಂದ ನಾನು ಇಲ್ಲಿ ಈ ಕಸುಬು ಮಾಡ್ತಿದ್ದೀನಿ. ಕೋರ್ಟು ಒಪ್ಪಲಿಲ್ಲ. ಮನೆಗೆ ಬಂದವನು ಬರುವಾಗಲೇ ಶುದ್ಧ ಗಾಳಿಯ ಹಕ್ಕನ್ನೂ ಜೊತೆಗೆ ತಂದಿದ್ದಾನೆ, ಮೂರು ವರ್ಷ ಮೊದಲಿದ್ದೆ ಅನ್ನೋದು ಉತ್ತರವೇ ಅಲ್ಲ ಅಂತು.

ಹಾಗಾದರೆ ಮೂರಲ್ಲ, ಇಪ್ಪತ್ತು ವರ್ಷ ಮೊದಲಿದ್ದರೆ? ಅಲ್ಲಿನ ಕಾನೂನಿನಲ್ಲಿ ಇಪ್ಪತ್ತು ವರ್ಷ ಎಡೆಬಿಡದೆ ನಡೆಸಿಕೊಂಡು ಬಂದದ್ದು ಹಕ್ಕಾಗಿ ಗಟ್ಟಿಯಾಗೋಕೆ ದಾರಿಯಿತ್ತು. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1879ರಲ್ಲಿ. ಲಂಡನ್ನಿನ ವಿಗ್ಮೋರ್ ಸ್ಟ್ರೀಟಿನಲ್ಲಿ ಒಬ್ಬ ಮಿಠಾಯಿಯವನಿದ್ದ. ಅವನ ಅಡುಗೆಮನೆಯಲ್ಲಿ ಎರಡು ದೊಡ್ಡ ಒರಳು, ಕುಟ್ಟೋ ಕೆಲಸ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ನಡೀತಿತ್ತು. ಹಿಂಬದಿಯ ವಿಂಪೋಲ್ ಸ್ಟ್ರೀಟಿನ ಮನೆಗೆ 1865ರಲ್ಲಿ ಒಬ್ಬ ಡಾಕ್ಟರು ಬಂದ. ಎಂಟು ವರ್ಷ ಏನೂ ತೊಂದರೆಯಿಲ್ಲ. 1873ರಲ್ಲಿ ಹಿತ್ತಿಲಿನಲ್ಲಿ, ಆ ಅಡುಗೆಮನೆಯ ಗೋಡೆಗೆ ಒತ್ತಿ, ರೋಗಿಗಳನ್ನು ನೋಡೋಕೆ ಒಂದು ಕೋಣೆ ಕಟ್ಟಿಸಿದ. ಸ್ಟೆತಸ್ಕೋಪ್ ಇಟ್ಟರೆ ಎದೆಬಡಿತದ ಬದಲು ಒರಳಿನ ಸದ್ದು! ಗೆದ್ದಿದ್ದು ಡಾಕ್ಟರು. ಸದ್ದಿನಿಂದ ತೊಂದರೆ ಶುರುವಾಗಿದ್ದೇ ಕೋಣೆ ಕಟ್ಟಿದ ಮೇಲೆ, ಆದ್ದರಿಂದ ಇಪ್ಪತ್ತು ವರ್ಷದ ಲೆಕ್ಕ ಅಲ್ಲಿಂದ ಶುರುವಾಗಬೇಕು ಅಂದಿತು ಕೋರ್ಟು. ನಿಜ ಹೇಳಬೇಕಂದರೆ ನನಗೆ ಆ ಮಿಠಾಯಿಯವನ ಬಗ್ಗೆ ಸ್ವಲ್ಪ ಕನಿಕರ ಇದೆ.

ಇಷ್ಟು ಕೇಳಿ ಬಡಾವಣೆಯವರು ಖುಷಿಪಡಬೇಡಿ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಲಂಡನ್ನಿನ ಶ್ರೀಮಂತರ ಬೆಲ್‌ಗ್ರೇವ್ ಸ್ಕ್ವೇರಿನಲ್ಲಿ ಯಾವುದು ನ್ಯೂಸೆನ್ಸೋ ಅದು ಬರ್ಮಂಡ್ಸಿಯಲ್ಲಿ ನ್ಯೂಸೆನ್ಸ್ ಆಗಲೇಬೇಕು ಅಂತಿಲ್ಲ, ಅನ್ನೋ ಅರ್ಥದ ಮಾತು. ಬರ್ಮಂಡ್ಸಿ ಅಂದರೆ ಚರ್ಮ ಹದ ಮಾಡುವವರ ಕೇರಿ. ಅಂದರೆ ನಿಮ್ಮ ಮೂಗಿಗೆ ಎಷ್ಟು ಬೆಲೆ ಅನ್ನೋದು ನಿಮ್ಮ ವಿಳಾಸದ ಮೇಲೆ ನಿಂತಿದೆ. ಇದಕ್ಕೂ ಮೊದಲು, 1865ರಲ್ಲಿ, ಸೇಂಟ್ ಹೆಲೆನ್ಸ್ ಅನ್ನೋ ಊರಿನ ತಾಮ್ರ ಕರಗಿಸುವ ಕಾರ್ಖಾನೆಯ ಕೇಸಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಇದೇ ಗೆರೆ ಎಳೆದಿತ್ತು. ದೂರುದಾರ 1300 ಎಕರೆ ಎಸ್ಟೇಟಿನ ಒಡೆಯ, ಹೊಗೆಯಿಂದ ಅವನ ಮರಗಿಡ ಸುಟ್ಟು ಹೋಗಿದ್ದವು. ಆಸ್ತಿಗೆ ಕಣ್ಣಿಗೆ ಕಾಣುವ ನಷ್ಟ ಆದರೆ ಜಾಗ ಯಾವುದು ಅಂತ ಕೇಳಬೇಕಾಗಿಲ್ಲ, ಪರಿಹಾರ ಕೊಡಿ. ಬರೀ ವಾಸನೆ, ಸದ್ದು, ಕಿರಿಕಿರಿ ಆದರೆ ಮಾತ್ರ ಅದು ಎಂಥಾ ಏರಿಯಾ ಅಂತ ನೋಡಿ. ಮರಗಳಿಗೆ ಸಿಕ್ಕ ನ್ಯಾಯ ಮನುಷ್ಯರ ಮೂಗಿಗೆ ಅಷ್ಟು ಸಲೀಸಾಗಿ ಸಿಗಲಿಲ್ಲ ನೋಡಿ.

ಆ ಬರ್ಮಂಡ್ಸಿ ಮಾತು ಎಲ್ಲೂ ಹೋಗಿಲ್ಲ. ನಮ್ಮ 2000ದ ಶಬ್ದಮಾಲಿನ್ಯ ನಿಯಮಗಳನ್ನು ತೆಗೆದು ನೋಡಿ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಕೈಗಾರಿಕಾ ಪ್ರದೇಶದಲ್ಲಿ ಹಗಲು 75, ರಾತ್ರಿ 70. ಮಲಗೋ ಮನುಷ್ಯ ಒಬ್ಬನೇ, ಅವನ ಕಿವಿ ಒಂದೇ, ಆದರೆ ಅವನ ಗಲ್ಲಿಗೆ ನಕಾಶೆಯಲ್ಲಿ ಯಾವ ಬಣ್ಣ ಬಳಿದಿದೆ ಅನ್ನೋದರ ಮೇಲೆ 25 ಡೆಸಿಬೆಲ್ ವ್ಯತ್ಯಾಸ. ಶಬ್ದಕ್ಕಾದರೂ ಕೋಷ್ಟಕ ಇದೆ. ವಾಸನೆಗೆ ಅದೂ ಇಲ್ಲ. 2009ರ ರಾಷ್ಟ್ರೀಯ ವಾಯುಗುಣಮಟ್ಟದ ಮಾನದಂಡದಲ್ಲಿ ಹನ್ನೆರಡು ವಸ್ತುಗಳಿವೆ. ಅಮೋನಿಯಾ ಇದೆ, ಬೆಂಜೀನ್ ಇದೆ, "ದುರ್ವಾಸನೆ" ಅನ್ನೋ ಸಾಲು ಇಲ್ಲ. ವಾಸನೆ ಬರೋದು ರಾತ್ರಿ ಎರಡಕ್ಕೆ, ಅಧಿಕಾರಿ ಬರೋದು ಬೆಳಿಗ್ಗೆ ಹನ್ನೊಂದಕ್ಕೆ. ಅಷ್ಟೊತ್ತಿಗೆ ಗಾಳಿ ತಿರುಗಿರುತ್ತೆ. ದೂರು ಕೊಟ್ಟವರು ಸುಳ್ಳುಗಾರರ ಥರ ನಿಂತಿರ್ತಾರೆ.

ಈಗ ನಮ್ಮ ದೇಶದ ಕಥೆಗೆ ಬರೋಣ. 1860ರ ದಂಡಸಂಹಿತೆಯ 278ನೇ ಕಲಂ ಗಾಳಿ ಕೆಡಿಸೋದನ್ನು ಅಪರಾಧ ಅಂತ ಕರೀತು. ದಂಡ 500 ರೂಪಾಯಿವರೆಗೆ. ಆ ಕಾಲಕ್ಕೆ ಅದು ಭಾರೀ ಮೊತ್ತ. ಅದೇ 500 ರೂಪಾಯಿ 2024ರವರೆಗೂ ಹಾಗೇ ಇತ್ತು. ಹೊಸ ನ್ಯಾಯ ಸಂಹಿತೆಯಲ್ಲಿ ಅದು 280ನೇ ಕಲಂ ಆಗಿದೆ, ದಂಡ ಸಾವಿರಕ್ಕೆ ಏರಿದೆ! ಹಾಗಾಗಿ ಆ ಕಲಂನಿಂದ ಯಾರಿಗೂ ಚಳಿ ಹತ್ತೋದಿಲ್ಲ. ಕೆಲಸಕ್ಕೆ ಬಂದದ್ದು ಬೇರೆ ಒಂದು ಕಲಂ, ದಂಡ ಪ್ರಕ್ರಿಯಾ ಸಂಹಿತೆಯ 133. ಜನರ ಆರೋಗ್ಯಕ್ಕೆ, ನೆಮ್ಮದಿಗೆ ತೊಂದರೆ ಕೊಡುವ ಕಸುಬನ್ನು ನಿಲ್ಲಿಸಿ ಅಥವಾ ಬೇರೆ ಕಡೆ ಒಯ್ಯಿರಿ ಅಂತ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ಪೊಲೀಸ್ ವರದಿಯೇ ಬೇಕು ಅಂತಿಲ್ಲ, ಬೇರೆ ಮಾಹಿತಿ ಬಂದರೂ ಸಾಕು. ಷರತ್ತು ಒಂದೇ, ತೊಂದರೆ ಒಬ್ಬರಿಗಲ್ಲ, ಸುತ್ತಲಿನ ಜನಕ್ಕೆ ಆಗ್ತಿರಬೇಕು. ಬೇಕರಿಯ ಒಲೆಯ ಹೊಗೆಯ ಮೇಲೆ ಹೂಡಿದ ಇಂಥದ್ದೇ ಕೇಸು ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಒಬ್ಬಿಬ್ಬರಿಗೇ ತೊಂದರೆ ಇದ್ದರೆ ಸಿವಿಲ್ ಕೋರ್ಟಿನ ದಾರಿ ಇದೆ. ಗಲ್ಲಿಯೊಳಗಿನ ಹಿಟ್ಟಿನ ಗಿರಣಿಯ ಸದ್ದಿಗೆ ಅಲಹಾಬಾದ್ ಹೈಕೋರ್ಟು 1978ರಲ್ಲಿ ತಡೆ ಎತ್ತಿಹಿಡಿದದ್ದು ಆ ದಾರಿಯಲ್ಲಿ.

133ನೇ ಕಲಂಗೆ ನಿಜವಾಗಿ ಜೀವ ಬಂದಿದ್ದು ಮಧ್ಯಪ್ರದೇಶದ ರತ್ಲಾಮ್‌ನಿಂದ. ಅಲ್ಲಿ ನ್ಯೂ ರೋಡ್ ಅಂತ ಒಂದು ರಸ್ತೆ. ಚರಂಡಿ ಇಲ್ಲ, ಸಾರ್ವಜನಿಕ ಶೌಚಾಲಯ ಇಲ್ಲ, ಪಕ್ಕದ ಆಲ್ಕೋಹಾಲ್ ಕಾರ್ಖಾನೆಯಿಂದ ನಾರುವ ನೀರು ಬಂದು ರಸ್ತೆಗೇ ಹರೀತಿತ್ತು. ನಿವಾಸಿಗಳು ಬೀದಿ ಬೀದಿಯಲ್ಲಿ ಅಲೆದು, ಯಾರೂ ಕೇಳದೇ ಇದ್ದಾಗ ಮ್ಯಾಜಿಸ್ಟ್ರೇಟರ ಹತ್ತಿರ ಹೋದರು. ನಗರಸಭೆ ಕೊಟ್ಟ ಉತ್ತರ ಏನು ಗೊತ್ತಾ? ಈ ಜಾಗ ಹೀಗಿದೆ ಅಂತ ಗೊತ್ತಿದ್ದೇ ಇವರು ಇಲ್ಲಿ ಮನೆ ಮಾಡಿಕೊಂಡರು, ಈಗ ದೂರೋ ಹಾಗಿಲ್ಲ! ಆ ಮೇಣದಬತ್ತಿಯವನ ವಾದವೇ ಸುಮಾರು ನೂರನಲವತ್ತು ವರ್ಷ ಆದಮೇಲೆ ನಮ್ಮೂರಿನಲ್ಲಿ, ಅದೂ ಒಂದು ಸರ್ಕಾರಿ ಸಂಸ್ಥೆಯ ಬಾಯಲ್ಲಿ. ಜೊತೆಗೆ ಇನ್ನೊಂದು, ನಮ್ಮ ಹತ್ತಿರ ದುಡ್ಡಿಲ್ಲ. ಮ್ಯಾಜಿಸ್ಟ್ರೇಟರು ಎರಡನ್ನೂ ಒಪ್ಪಲಿಲ್ಲ. ಸೆಷನ್ಸ್ ಕೋರ್ಟು ಅವರ ಆದೇಶ ರದ್ದು ಮಾಡ್ತು, ಹೈಕೋರ್ಟು ಮತ್ತೆ ಎತ್ತಿಹಿಡೀತು. 1980ರ ಜುಲೈ 29ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಮತ್ತು ಚಿನ್ನಪ್ಪ ರೆಡ್ಡಿ ಅವರ ಪೀಠ ನಗರಸಭೆಯ ಮನವಿ ತಿರಸ್ಕರಿಸಿತು. ಮನುಷ್ಯರ ಮಾನಮರ್ಯಾದೆಯ ವಿಷಯದಲ್ಲಿ ಖಜಾನೆ ಖಾಲಿ ಅನ್ನೋ ನೆಪ ನಡೆಯಲ್ಲ ಅಂತ ಹೇಳಿ, ಕಾರ್ಖಾನೆಯ ನೀರು ರಸ್ತೆಗೆ ಬರೋದನ್ನು ನಿಲ್ಲಿಸಿ, ಚರಂಡಿ ಕಟ್ಟಿ, ಶೌಚಾಲಯ ಕಟ್ಟಿ ಅಂತ ಗಡುವು ಹಾಕಿತು. ಕಾನೂನು ಓದುವ ಮಕ್ಕಳು ಇದನ್ನು ಪರಿಸರದ ಮೈಲಿಗಲ್ಲು ಅಂತ ಬಾಯಿಪಾಠ ಮಾಡ್ತಾರೆ. ನನಗೆ ಮುಖ್ಯ ಅನ್ನಿಸೋದು ಇದನ್ನು ಶುರು ಮಾಡಿದವರು ಒಂದು ರಸ್ತೆಯ ಮಾಮೂಲಿ ಜನ, ಶುರು ಮಾಡಿದ್ದು ತಮ್ಮ ಊರಿನ ಮ್ಯಾಜಿಸ್ಟ್ರೇಟರ ಕಚೇರಿಯಲ್ಲಿ ಅನ್ನೋದು.

ದೆಹಲಿಯ ಕೇಳುಗರು ಇಲ್ಲಿ ಒಂದು ತಕರಾರು ಎತ್ತಬಹುದು, ಎತ್ತಬೇಕು ಕೂಡ. 1996ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅಲ್ಲಿನ 168 ಅಪಾಯಕಾರಿ ಕಾರ್ಖಾನೆಗಳನ್ನು ನವೆಂಬರ್ 30ರೊಳಗೆ ಮುಚ್ಚಿಸಿತು. ಗಾಳಿ ಹಗುರಾಯ್ತು ಅಂತ ಒಂದು ಕಡೆಯವರು ಉಸಿರುಬಿಟ್ಟರೆ, ಇನ್ನೊಂದು ಕಡೆ ಕೂಲಿ ಹೋದವರು. ಅವರ ಮನೆಯೂ ಅಲ್ಲೇ ಸುತ್ತಮುತ್ತ, ಅದೇ ಗಾಳಿಯಲ್ಲೇ ಇತ್ತು. ಹಾಗಾಗಿ "ಮೊದಲು ಬಂದವರು ಯಾರು" ಅನ್ನೋ ಪ್ರಶ್ನೆಯ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಇಡಬೇಕಾಗುತ್ತೆ: ಈ ಎರಡನ್ನೂ ಹತ್ತಿರ ತಂದವರು ಯಾರು?

ಈ ಪ್ರಶ್ನೆಯನ್ನು ನೇರವಾಗಿ ಕೇಳಿದ ಕೋರ್ಟು ಒಂದಿದೆ, ಅಮೆರಿಕದ ಅರಿಜೋನಾದಲ್ಲಿ. ಫೀನಿಕ್ಸ್ ನಗರದಿಂದ ದೂರ, ಬಯಲಿನಲ್ಲಿ, ಮಾಂಸಕ್ಕಾಗಿ ದನ ಕೊಬ್ಬಿಸುವ ಒಂದು ದೊಡ್ಡಿ 1950ರ ದಶಕದಿಂದ ಇತ್ತು. ಅಗ್ಗದ ಭೂಮಿ ಅಂತ ಒಬ್ಬ ಬಿಲ್ಡರ್ ಅದೇ ಕಡೆ ನಿವೃತ್ತರಿಗಾಗಿ ಸನ್ ಸಿಟಿ ಅನ್ನೋ ಊರು ಕಟ್ಟುತ್ತಾ ಬಂದ. ಕೊನೆಗೆ ನಡುವೆ ಉಳಿದದ್ದು 500 ಅಡಿ. ದೊಡ್ಡಿಯಲ್ಲಿ 20ರಿಂದ 30 ಸಾವಿರ ದನ, ದಿನಕ್ಕೆ ನಾಲ್ಕೂವರೆ ಲಕ್ಷ ಕಿಲೋ ಹಸಿ ಸಗಣಿ! ನೊಣ, ನಾತ. 1972ರಲ್ಲಿ ತೀರ್ಪು ಬಂತು: ಅಲ್ಲಿರುವ ಜನರ ಆರೋಗ್ಯ ಮುಖ್ಯ, ದೊಡ್ಡಿ ಜಾಗ ಖಾಲಿ ಮಾಡಲಿ. ಆದರೆ ಜನರನ್ನು ಅಲ್ಲಿಗೆ ಕರೆತಂದು ಲಾಭ ಮಾಡಿಕೊಂಡದ್ದು ಬಿಲ್ಡರ್, ಆದ್ದರಿಂದ ದೊಡ್ಡಿಯ ಸ್ಥಳಾಂತರದ ಖರ್ಚು ಅವನೇ ಕೊಡಲಿ. ಮನೆ ಕೊಂಡ ವೃದ್ಧರನ್ನು "ಯಾಕೆ ಬಂದ್ರಿ" ಅಂತ ಯಾರೂ ಬೈಯಲಿಲ್ಲ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂಬಯಿಯ ಮಾಹುಲ್‌ಗೆ ಬನ್ನಿ. ಚೆಂಬೂರಿನ ಕನ್ನಡಿಗರಿಗೆ, ತುಳುವರಿಗೆ ನಾನು ದಾರಿ ಹೇಳಬೇಕಾಗಿಲ್ಲ, ಅಲ್ಲಿಂದ ಆಟೋದಷ್ಟು ದೂರ. ಮಾಹುಲ್, ಅಂಬಾಪಾಡಾ ಇವೆಲ್ಲ ಹಳೇ ಹಳ್ಳಿಗಳು, ಕೋಳಿ ಮೀನುಗಾರರ ನೆಲ. ಅವರ ಸುತ್ತ 1954ರಲ್ಲಿ ಮುಂದೆ ಎಸ್ಸೊ ಅಂತ ಹೆಸರಾದ ಕಂಪನಿಯ ತೈಲ ಶುದ್ಧೀಕರಣ ಘಟಕ ಬಂತು, 1955ರಲ್ಲಿ ಬರ್ಮಾ ಶೆಲ್‌ದು. ಇವೇ ಮುಂದೆ ಎಚ್‌ಪಿಸಿಎಲ್, ಬಿಪಿಸಿಎಲ್ ಆದವು. 1956ರಲ್ಲಿ ಟಾಟಾದವರ ವಿದ್ಯುತ್ ಸ್ಥಾವರ, 1960ರ ದಶಕದಲ್ಲಿ ಗೊಬ್ಬರದ ಕಾರ್ಖಾನೆ, ಆಮೇಲೆ ರಾಸಾಯನಿಕ ತುಂಬಿಡುವ ಟ್ಯಾಂಕುಗಳ ಸಾಲು. ಚೆಂಬೂರನ್ನು ಜನ "ಗ್ಯಾಸ್ ಚೇಂಬರ್" ಅಂತ ತಮಾಷೆ ಮಾಡೋದು ಸುಮ್ಮನೆ ಅಲ್ಲ. ಖಾಲಿ ಟ್ಯಾಂಕಿನೊಳಗೆ ಆವಿ ತುಂಬಿರುತ್ತೆ. ದ್ರವ ತುಂಬಿಸ್ತಾ ಹೋದಂತೆ ಆ ಆವಿ ಹೊರಗೆ ಬರಬೇಕು, ಹಿಡಿದಿಡುವ ವ್ಯವಸ್ಥೆ ಸರಿಯಿಲ್ಲದಿದ್ದರೆ ಸೀದಾ ಪಕ್ಕದ ಅಡುಗೆಮನೆಗೆ.

ಇಲ್ಲಿ ಮೊದಲು ಬಂದವರು ಯಾರು? ಕೋಳಿಗಳೇ. "ಆಮೇಲೆ ಬಂದ್ರಿ" ಅನ್ನೋ ವಾದ ನ್ಯಾಯವಾಗಿದ್ದರೆ ಮಾಹುಲ್‌ನ ಗಾಳಿ ಯಾವತ್ತೋ ಸರಿಯಾಗಿರಬೇಕಿತ್ತು. ಹಳ್ಳಿಯವರು ಹಸಿರು ನ್ಯಾಯಮಂಡಳಿಯ ಪುಣೆ ಪೀಠಕ್ಕೆ ಹೋದರು. ಕೆಇಎಂ ಆಸ್ಪತ್ರೆಯವರು ಅಲ್ಲಿನ ಜನರ ಉಸಿರಾಟದ ತೊಂದರೆ ಕುರಿತು ಮಾಡಿದ ಸಮೀಕ್ಷೆ ಅವರ ಕೈಗೆ ಬಲ ಕೊಟ್ಟಿತು. 2015ರ ಡಿಸೆಂಬರ್ 18ರ ತೀರ್ಪಿನಲ್ಲಿ ನ್ಯಾಯಮಂಡಳಿ ಜನರ ಆರೋಗ್ಯಕ್ಕೆ ಅಪಾಯ ಇದೆ ಅಂತ ಒಪ್ಪಿತು. 2020ರ ಆಗಸ್ಟಿನಲ್ಲಿ ಎರಡು ತೈಲ ಕಂಪನಿ ಮತ್ತು ಎರಡು ಸಂಗ್ರಹಣಾ ಕಂಪನಿಗಳ ಮೇಲೆ ಒಟ್ಟು ಸುಮಾರು 286 ಕೋಟಿ ರೂಪಾಯಿ ಪರಿಸರ ಪರಿಹಾರ ಹೊರಿಸಿತು.

ಈ ಕೇಸು ನಡೀತಿರುವಾಗಲೇ ಇನ್ನೊಂದು ನಡೀತು. 2017ರಲ್ಲಿ ತಾನ್ಸಾ ನೀರಿನ ಪೈಪ್‌ಲೈನ್ ಪಕ್ಕದ ಗುಡಿಸಲುಗಳನ್ನು ಕೆಡವಿ, ಆ ಕುಟುಂಬಗಳನ್ನು ತಂದು ಇದೇ ಮಾಹುಲ್‌ನ ಪುನರ್ವಸತಿ ಕಟ್ಟಡಗಳಿಗೆ ತುಂಬಿದರು. ಒಂದು ಕಡೆ ನ್ಯಾಯಮಂಡಳಿ ಇಲ್ಲಿನ ಗಾಳಿ ಅಪಾಯ ಅಂದಿದೆ, ಇನ್ನೊಂದು ಕಡೆ ಆಡಳಿತ ಅದೇ ಗಾಳಿಗೆ ಹೊಸ ಜನ ಕರೆತರ್ತಿದೆ. ಈ ಜನಕ್ಕೆ "ಗೊತ್ತಿದ್ದೂ ಯಾಕೆ ಬಂದ್ರಿ" ಅಂತ ಯಾರು ತಾನೇ ಕೇಳಬಲ್ಲರು? ಅವರು ಬಂದದ್ದಲ್ಲ, ಬುಲ್ಡೋಜರ್ ಹಿಂದೆ ನಿಂತು ಕಳಿಸಿದ್ದು. 2018ರ ಅಕ್ಟೋಬರಿನಲ್ಲಿ ಅವರಲ್ಲಿ ಅನೇಕರು ಮಾಹುಲ್‌ನ ಪಕ್ಕಾ ಮನೆ ಬಿಟ್ಟು, ವಿದ್ಯಾವಿಹಾರದಲ್ಲಿ ತಮ್ಮ ಹಳೇ ಗುಡಿಸಲಿದ್ದ ಜಾಗದ ಫುಟ್‌ಪಾತಿಗೇ ವಾಪಸ್ ಬಂದು ಧರಣಿ ಕೂತರು. ತಲೆ ಮೇಲೆ ಸೂರು ಇದ್ದವರು ಬೀದಿಯೇ ವಾಸಿ ಅಂದರು ಅಂದಮೇಲೆ ಗಾಳಿ ಹೇಗಿದ್ದಿರಬೇಕು ಲೆಕ್ಕ ಹಾಕಿ. 2019ರಲ್ಲಿ ಬಾಂಬೆ ಹೈಕೋರ್ಟು ಇವರನ್ನು ಮಾಹುಲ್‌ನಲ್ಲೇ ಇರಿ ಅಂತ ಬಲವಂತ ಮಾಡೋ ಹಾಗಿಲ್ಲ, ಬೇರೆ ಮನೆ ಕೊಡಿ, ಇಲ್ಲವಾದರೆ ಬಾಡಿಗೆಗೆ ತಿಂಗಳಿಗೆ 15,000 ರೂಪಾಯಿ ಕೊಡಿ ಅಂತ ಹೇಳಿತು. ಕರೆತಂದವನೇ ಖರ್ಚು ಕೊಡಲಿ. ಆ ತೀರ್ಪಿನಲ್ಲಿ ಅರಿಜೋನಾದ ಹೆಸರಿಲ್ಲ, ಆದರೆ ಲೆಕ್ಕ ಅದೇ ಅಂತ ನನಗನ್ನಿಸುತ್ತೆ.

133ನೇ ಕಲಂ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152 ಆಗಿದೆ. ನಂಬರು ಬದಲಾಗಿದೆ, ಒಳಗಿನ ಅಧಿಕಾರ ಬದಲಾಗಿಲ್ಲ. ನಿಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಈ ವಿಷಯ ಬಂದರೆ, ಅರ್ಜಿ ಬರೆಯುವಾಗ ಹಳೇ ನಂಬರು ಹಾಕಬೇಡಿ. ಯಾವ ದಿನ, ಎಷ್ಟು ಗಂಟೆಗೆ, ಗಾಳಿ ಯಾವ ದಿಕ್ಕಿಂದ, ಎಷ್ಟು ಮನೆಯವರಿಗೆ ವಾಸನೆ ಬಂತು ಅಂತ ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಟ್ಟು ಅದರ ಜೊತೆ ಲಗತ್ತಿಸಿ.