ಬಿಸ್ಕೊಚಿತೊ: ಒಂದು ನಾಡಿನ ಬಿಸ್ಕತ್ತು



೧೯೮೯ನೆಯ ಇಸವಿಯಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ನ್ಯೂ ಮೆಕ್ಸಿಕೋದ ಶಾಸನಸಭೆಯು ಒಂದು ಬಿಸ್ಕತ್ತನ್ನು ಆ ರಾಜ್ಯದ ಅಧಿಕೃತ ಬಿಸ್ಕತ್ತೆಂದು ಸಾರಿತು. ಬಿಸ್ಕತ್ತಿಗೆ ಇಂತಹ ಗೌರವವನ್ನು ಕೊಟ್ಟ ಮೊದಲನೆಯ ಅಮೆರಿಕನ್ ರಾಜ್ಯ ಅದೇ. ಅದರ ಹೆಸರು ಬಿಸ್ಕೊಚಿತೊ. ಆ ತಿನಿಸು ಗೌರವಕ್ಕೆ ಯೋಗ್ಯವೆಂಬ ವಿಷಯದಲ್ಲಿ ಹೆಚ್ಚು ವಾದವೇಳಲಿಲ್ಲ. ವಾದವೆದ್ದದ್ದು ಅದರ ಹೆಸರನ್ನು ಬರೆಯುವಾಗ ನಡುವೆ ಎಸ್ ಅಕ್ಷರವಿರಬೇಕೋ ಜೆಡ್ ಅಕ್ಷರವಿರಬೇಕೋ ಎಂಬುದರ ಮೇಲೆ. ಕೊನೆಗೆ ಜೆಡ್ ಗೆದ್ದಿತು. ಹೊರಗಿನವರಿಗೆ ಇದು ನಗೆಯ ಸಂಗತಿಯಾಗಿ ತೋರಬಹುದು. ಆದರೆ ಒಂದು ಜನಾಂಗವು ಇಷ್ಟು ಚಿಕ್ಕ ವಿಷಯಕ್ಕಾಗಿ ಇಷ್ಟೊಂದು ಬಿಸಿಯಾಗುವುದಾದರೆ, ಅದರ ತಳದಲ್ಲಿ ಯಾವುದೋ ದೊಡ್ಡ ವಿಷಯವು ಅಡಗಿರಬೇಕೆಂದು ಇತಿಹಾಸದ ವಿದ್ಯಾರ್ಥಿಯು ಸಂದೇಹಪಡುವುದು ನ್ಯಾಯವಾಗಿದೆ. ಆ ವಿಷಯವನ್ನು ಹುಡುಕುವುದೇ ನಮ್ಮ ಈ ದಿನದ ಉದ್ದೇಶ.

ಮೊದಲು ತಿನಿಸಿನ ಪರಿಚಯ. ಹಂದಿಯ ಕೊಬ್ಬನ್ನು ಸಕ್ಕರೆಯೊಡನೆ ನೊರೆಯಂತಾಗುವವರೆಗೆ ಕಡೆದು, ಮೊಟ್ಟೆಯನ್ನು ಬೆರೆಸಿ, ನಮ್ಮ ಸೋಂಪಿನ ಜಾತಿಗೇ ಸೇರಿದ ಆನಿಸ್ ಎಂಬ ಬೀಜವನ್ನು ಹಾಕುತ್ತಾರೆ. ಅದಕ್ಕೆ ಗೋಧಿಯ ಹಿಟ್ಟನ್ನು ಸೇರಿಸಿ, ಸ್ವಲ್ಪ ದ್ರಾಕ್ಷಾಮದ್ಯವನ್ನೋ ಬ್ರಾಂದಿಯನ್ನೋ ಚಿಮುಕಿಸಿ ಕಣಕ ಕಲಸುತ್ತಾರೆ. ಲಟ್ಟಿಸಿ, ನಾನಾ ಆಕಾರಗಳಲ್ಲಿ ಕತ್ತರಿಸಿ, ಸಕ್ಕರೆ ಮತ್ತು ದಾಲ್ಚಿನ್ನಿಯ ಪುಡಿಯಲ್ಲಿ ಹೊರಳಿಸಿ ಸುಡುತ್ತಾರೆ. ಹದವಾಗಿ ಬೆಂದ ಬಿಸ್ಕತ್ತು ಹಲ್ಲಿಗೆ ತಗುಲಿದೊಡನೆಯೇ ಪುಡಿಯಾಗಿ ಕರಗಬೇಕು. ಕ್ರಿಸ್‌ಮಸ್ ಹಬ್ಬಕ್ಕೆ, ಮದುವೆಗೆ, ಮಕ್ಕಳ ನಾಮಕರಣದ ದೀಕ್ಷೆಗೆ ಇದು ಬೇಕೇ ಬೇಕು. ಕ್ರಿಸ್‌ಮಸ್ಸಿಗೆ ಮುಂಚಿನ ಒಂಬತ್ತು ರಾತ್ರಿಗಳಲ್ಲಿ, ಮೇರಿಯೂ ಜೋಸೆಫನೂ ತಂಗಲು ಮನೆಯನ್ನು ಹುಡುಕುತ್ತ ಅಲೆದ ಕಥೆಯನ್ನು ಜನರು ಬೀದಿಯಲ್ಲಿ ಅಭಿನಯಿಸುತ್ತ ಮನೆಮನೆಗೆ ಹೋಗುತ್ತಾರೆ. ಅವರನ್ನು ಬರಮಾಡಿಕೊಂಡ ಮನೆಯವರು ಮುಂದಿಡುವ ತಟ್ಟೆಯಲ್ಲಿ ಇರುವುದೂ ಬಿಸ್ಕೊಚಿತೊ.

ಈ ಸಾಮಗ್ರಿಗಳ ಪಟ್ಟಿಯನ್ನು ಚರಿತ್ರೆಯ ಕಣ್ಣಿನಿಂದ ಓದಿದರೆ, ಮೂಲತಃ ಆ ನೆಲದ್ದಾದ ವಸ್ತು ಒಂದೂ ಇಲ್ಲವೆಂಬುದು ಆಶ್ಚರ್ಯಕರವಾಗಿ ಕಾಣುತ್ತದೆ. ಗೋಧಿ, ಕಬ್ಬು, ದ್ರಾಕ್ಷಿ, ಹಂದಿ ಇವೆಲ್ಲವೂ ೧೪೯೨ರ ತರುವಾಯ ಸ್ಪೇನಿನವರು ಅಟ್ಲಾಂಟಿಕ್ ಸಾಗರವನ್ನು ದಾಟಿಸಿ ತಂದವು. ಆನಿಸ್ ಬೀಜವು ಮೆಡಿಟರೇನಿಯನ್ನಿನ ಪೂರ್ವತೀರದ್ದು. ದಾಲ್ಚಿನ್ನಿಯು ನಮ್ಮ ಸಮೀಪದ ಸಿಂಹಳದ ಕೀರ್ತಿಗೆ ಕಾರಣವಾದ ಚಕ್ಕೆ. ಆ ಖಂಡದ ಮೆಣಸಿನಕಾಯಿಯು ಪೋರ್ಚುಗೀಸರ ಹಡಗಿನಲ್ಲಿ ಬಂದು ನಮ್ಮ ಸಾರಿನ ಜೀವವಾದದ್ದು ಎಷ್ಟು ವಿಚಿತ್ರವೋ, ಪೂರ್ವದೇಶದ ಚಕ್ಕೆಯು ಅಲ್ಲಿಯ ಹಬ್ಬದ ತಿನಿಸಿಗೆ ಪರಿಮಳವಾದದ್ದೂ ಅಷ್ಟೇ ವಿಚಿತ್ರ.

ಹ್ವಾನ್ ದೆ ಓನ್ಯಾತೆ ಎಂಬ ದಳಪತಿಯು ೧೫೯೮ರಲ್ಲಿ ಸ್ಪೇನಿನ ವಲಸೆಗಾರರನ್ನು ಕರೆದುಕೊಂಡು ರಿಯೊ ಗ್ರಾಂಡೆ ನದಿಯ ಕಣಿವೆಗೆ ಬಂದನು. ಅಲ್ಲಿ ಮೊದಲಿನಿಂದಲೂ ಮುಸುಕಿನ ಜೋಳವನ್ನು ಬೆಳೆದು ಬಾಳುತ್ತಿದ್ದವರು ಪ್ವೆಬ್ಲೊ ಜನರು. ಹೊಸಬರು ಗೋಧಿಯನ್ನು ಬಿತ್ತಿದರು. ಹೊರ್ನೊ ಎಂಬ ಜೇನುಗೂಡಿನಾಕಾರದ ಮಣ್ಣಿನ ಒಲೆಯನ್ನು ಕಟ್ಟಿದರು. ಆ ಒಲೆಯ ವಿದ್ಯೆಯನ್ನು ಸ್ಪೇನಿಗೆ ತಂದವರು ಮೂರ್ ಜನಾಂಗದವರು. ಆ ಹೊಸ ನೆಲೆಯು ಮೆಕ್ಸಿಕೋ ನಗರದಿಂದ ಸುಮಾರು ೧,೬೦೦ ಮೈಲಿ ದೂರವಿದ್ದು, ಹದಿನೇಳನೆಯ ಶತಮಾನದಲ್ಲಿ ಪಾದ್ರಿಗಳ ಮಠಗಳಿಗೆ ಸಾಮಾನನ್ನು ತರುವ ಬಂಡಿಗಳ ಸಾಲು ಸುಮಾರು ಮೂರು ವರ್ಷಗಳಿಗೊಮ್ಮೆ ಬರುತ್ತಿತ್ತು. ಇಂತಹ ನಾಡಿನಲ್ಲಿ ಸಕ್ಕರೆಯೂ ದಾಲ್ಚಿನ್ನಿಯೂ ಬಿದ್ದ ತಿನಿಸು ದಿನದ ಊಟದ್ದಾಗಿರದೆ ಹಬ್ಬದ್ದಾಗಿದ್ದುದು ಸಹಜವೇ.

ಆದರೆ ಅನ್ನವೆಂಬುದು ಅಧಿಕಾರದ ಗುರುತೂ ಹೌದು. ೧೬೮೦ರಲ್ಲಿ ಪ್ವೆಬ್ಲೊ ಜನರು ಪೊಪೇ ಎಂಬುವನ ಮುಂದಾಳುತನದಲ್ಲಿ ದಂಗೆಯೆದ್ದು ಸ್ಪೇನಿನವರನ್ನು ಓಡಿಸಿದರು. ಸ್ಪೇನಿನವರು ಬಿತ್ತಿದ ಬೀಜಗಳನ್ನು ಸುಟ್ಟುಬಿಡಿರಿ, ಜೋಳವನ್ನೂ ಹುರುಳಿಕಾಯಿಯನ್ನೂ ಮಾತ್ರ ಬಿತ್ತಿರಿ ಎಂದು ಆಗ ಆಜ್ಞೆಯಾಗಿತ್ತೆಂಬುದು ಮರುವರ್ಷ ಬರೆದುಕೊಂಡ ಸಾಕ್ಷಿಗಳ ಹೇಳಿಕೆಯಿಂದ ತಿಳಿದುಬರುತ್ತದೆ. ೧೬೯೨ರಲ್ಲಿ ಸ್ಪೇನಿನ ಅಧಿಕಾರವು ಹಿಂದಿರುಗಿತು, ಗೋಧಿಯೂ ಉಳಿಯಿತು. ಈ ದಿನ ಹೊರ್ನೊ ಒಲೆಗಳನ್ನು ಹೆಚ್ಚಾಗಿ ಕಾಣುವುದು ಪ್ವೆಬ್ಲೊ ಜನರ ಅಂಗಳಗಳಲ್ಲಿಯೇ. ಯಾರ ತಿನಿಸು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಕಾಣುವಷ್ಟು ಸುಲಭವಲ್ಲ.

ಇನ್ನು ಜನಾಭಿಪ್ರಾಯಗಳಿಗೆ ಬರೋಣ. ಮೊದಲನೆಯ ವಾದ ಹುಟ್ಟಿನದು. ಓನ್ಯಾತೆಯ ವಲಸೆಗಾರರೊಡನೆಯೇ ಈ ಬಿಸ್ಕತ್ತು ಬಂದಿತೆಂದು ಹಲವರು ನಂಬುತ್ತಾರೆ. ಮತ್ತೆ ಕೆಲವರು, ೧೮೬೦ರ ದಶಕದಲ್ಲಿ ಫ್ರೆಂಚರ ಬಲದಿಂದ ಮೆಕ್ಸಿಕೋದ ಸಿಂಹಾಸನವನ್ನೇರಿದ ಮ್ಯಾಕ್ಸಿಮಿಲಿಯನ್ ಚಕ್ರವರ್ತಿಯ ಕಾಲದಲ್ಲಿ ಇದು ಹುಟ್ಟಿತೆನ್ನುತ್ತಾರೆ. ಇದನ್ನು ಒಮ್ಮೊಮ್ಮೆ ಫ್ರಾನ್ಸಿನ ರಾಜಲಾಂಛನವಾದ ನೈದಿಲೆಯ ಆಕಾರದಲ್ಲಿ ಕತ್ತರಿಸುವುದೇ ಅವರಿಗೆ ಸಾಕ್ಷಿ. ಎರಡನೆಯ ಕಥೆಯು ಕೇಳಲು ರಮ್ಯವಾದರೂ ಕಾಲಗಣನೆಯ ಮುಂದೆ ನಿಲ್ಲಲಾರದು. ನ್ಯೂ ಮೆಕ್ಸಿಕೋ ೧೮೪೮ರ ಒಪ್ಪಂದದಿಂದಲೇ ಮೆಕ್ಸಿಕೋದ ಕೈತಪ್ಪಿ ಅಮೆರಿಕಕ್ಕೆ ಸೇರಿತ್ತು. ಮ್ಯಾಕ್ಸಿಮಿಲಿಯನ್ನನ ಆಳ್ವಿಕೆಯು ಅಲ್ಲಿಗೆ ಮುಟ್ಟಲೇ ಇಲ್ಲ. ಮೊದಲನೆಯ ಕಥೆಯನ್ನು ಸಹ ಪೂರ್ತಿಯಾಗಿ ಒಪ್ಪುವಂತಿಲ್ಲ. ಕೊಬ್ಬು, ಸಕ್ಕರೆ, ಹಿಟ್ಟುಗಳ ಇಂತಹ ಮಿಠಾಯಿಗಳು ಸ್ಪೇನಿನ ಆಂದಲೂಸಿಯಾ ಪ್ರಾಂತದಲ್ಲಿ ಇಂದಿಗೂ ಪ್ರಸಿದ್ಧವಾಗಿರುವುದರಿಂದ ಬೇರು ಅಲ್ಲಿಯದೆಂಬುದು ಒಪ್ಪತಕ್ಕ ಮಾತು. ಆದರೆ ಈಗಿನ ಪಾಕವಿಧಾನಗಳಲ್ಲಿ ತಪ್ಪದೆ ಕಾಣುವ ಬೇಕಿಂಗ್ ಪೌಡರು ಹತ್ತೊಂಬತ್ತನೆಯ ಶತಮಾನದ ಮಧ್ಯದ ನಿರ್ಮಾಣ. ನಾಲ್ಕುನೂರು ವರ್ಷಗಳಿಂದ ಒಂದು ಚೂರೂ ಬದಲಾಗದೆ ಬಂದ ತಿನಿಸು ಇದೆಂಬುದು ಅಭಿಮಾನದ ಮಾತು.

ಎರಡನೆಯ ವಾದ ಅಕ್ಷರದ್ದು. ಎರಡು ಸಲ ಬೇಯಿಸಿದ್ದು ಎಂಬರ್ಥದ ಲ್ಯಾಟಿನ್ ಮಾತಿನಿಂದ ಸ್ಪ್ಯಾನಿಷ್ ಭಾಷೆಯ ಬಿಸ್ಕೊಚೊ ಎಂಬ ಶಬ್ದವೂ ನಾವು ಬಳಸುವ ಬಿಸ್ಕತ್ತು ಎಂಬ ಶಬ್ದವೂ ಹುಟ್ಟಿದವು. ಇತೊ ಎಂಬುದು ಮುದ್ದಿನ ಪ್ರತ್ಯಯ. ರಾಜ್ಯದ ದಕ್ಷಿಣಭಾಗದಲ್ಲಿ ಅನೇಕರು ಪ್ರತ್ಯಯವಿಲ್ಲದೆ ಬಿಸ್ಕೊಚೊ ಎಂದೇ ಹೇಳುವುದುಂಟು. ಸ್ಪೇನಿನ ನಿಘಂಟು ಜೆಡ್ ಅಕ್ಷರದ ಪಕ್ಷ. ಆದರೆ ಅಮೆರಿಕದ ಸ್ಪ್ಯಾನಿಷ್ ಬಾಯಿಗಳಲ್ಲಿ ಎರಡಕ್ಷರಗಳ ಉಚ್ಚಾರಣೆಯೂ ಒಂದೇ, ನಮ್ಮಲ್ಲಿ ಅನೇಕರ ಬಾಯಲ್ಲಿ ಶಕಾರ ಷಕಾರಗಳು ಒಂದೇ ಆಗಿರುವಂತೆ. ಅಜ್ಜಿ ನುಡಿದದ್ದನ್ನು ಕಿವಿಯಿಂದ ಕಲಿತವರು ಎಸ್ ಎಂದು ಬರೆದರು. ಹೀಗೆ ಒಂದು ಪಕ್ಷಕ್ಕೆ ಪ್ರಮಾಣ ಗ್ರಂಥ, ಇನ್ನೊಂದಕ್ಕೆ ಪ್ರಮಾಣ ಮನೆ.

ಮೂರನೆಯ ವಾದವೇ ಎಲ್ಲಕ್ಕಿಂತ ತೀವ್ರವಾದದ್ದು. ಅದು ಕೊಬ್ಬಿನ ವಿಷಯ. ಹತ್ತಿಬೀಜದ ಎಣ್ಣೆಯನ್ನು ಜಲಜನಕದಿಂದ ಗಟ್ಟಿಮಾಡಿದ ಕ್ರಿಸ್ಕೋ ಎಂಬ ಪದಾರ್ಥವು ೧೯೧೧ರಲ್ಲಿ ಅಮೆರಿಕದ ಪೇಟೆಗೆ ಬಂದಿತು. ನಮ್ಮಲ್ಲಿ ತುಪ್ಪದ ಜಾಗಕ್ಕೆ ವನಸ್ಪತಿ ಬಂದು ಕುಳಿತ ಕಥೆಯನ್ನು ಬಲ್ಲ ಶ್ರೋತೃಗಳಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಆರೋಗ್ಯದ ಭಯದಿಂದ ಕೆಲವರು, ಮಾಂಸವರ್ಜನೆಯಿಂದ ಕೆಲವರು, ಅಗ್ಗವೆಂದು ಕೆಲವರು ಹಂದಿಯ ಕೊಬ್ಬನ್ನು ಬಿಟ್ಟರು. ಬೆಣ್ಣೆ ಹಾಕಿದವರೂ ಉಂಟು. ಹಳಬರು ಮಾತ್ರ, ಕೊಬ್ಬಿಲ್ಲದ್ದು ಬಿಸ್ಕೊಚಿತೊವೇ ಅಲ್ಲವೆಂದು ಸಾಧಿಸುತ್ತಾರೆ. ರುಚಿಯ ದೃಷ್ಟಿಯಿಂದ ಅವರ ಮಾತಿನಲ್ಲಿ ಹುರುಳಿದೆ: ಬೆಣ್ಣೆಯಲ್ಲಿ ನೀರಿನಂಶವಿರುವುದರಿಂದ ಕಣಕವು ಬಿಗಿಯುತ್ತದೆ; ನೀರಿಲ್ಲದ ಕೊಬ್ಬು ಅದನ್ನು ಪುಡಿಪುಡಿಯಾಗಿಡುತ್ತದೆ.

ಈ ವಾದಗಳ ಕಾವಿಗೆ ಕಾರಣವನ್ನು ಅಡಿಗೆಮನೆಯ ಹೊರಗೆ ಹುಡುಕಬೇಕು. ೧೮೪೮ರಲ್ಲಿ ಆ ಜನರು ಮನೆಯನ್ನು ಬಿಟ್ಟು ಕದಲದೆ ಬೇರೊಂದು ದೇಶದ ಪ್ರಜೆಗಳಾದರು. ೧೮೮೦ರಲ್ಲಿ ರೈಲು ಸಾಂತಾ ಫೆ ನಗರವನ್ನು ಮುಟ್ಟಿದ ಮೇಲೆ ಹೊಸಬರೂ ಹೊಸ ಸರಕೂ ಪ್ರವಾಹದಂತೆ ಬಂದವು. ಪೂರ್ಣಾಧಿಕಾರದ ರಾಜ್ಯವಾಗಲು ೧೯೧೨ರವರೆಗೆ ಕಾಯಬೇಕಾಯಿತು. ಪ್ರಜೆಗಳಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ನುಡಿಯುವ ಕ್ಯಾಥೊಲಿಕರೆಂಬುದು ಆ ವಿಳಂಬದ ಕಾರಣಗಳಲ್ಲಿ ಒಂದು. ಶಾಲೆಯಲ್ಲಿ ಮನೆಮಾತನ್ನಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿದ್ದ ಕಾಲವೂ ಇತ್ತು. ಭೂಮಿ ಹೋಗಿ, ಕಚೇರಿಯ ಭಾಷೆ ಹೋದ ಮೇಲೆ, ಮುಟ್ಟಲು ಯಾರಿಗೂ ಆಗದೆ ಉಳಿದದ್ದು ಒಲೆಯ ಮುಂದಿನ ಮಾತು.

ಇದನ್ನು ಮೊದಲು ಕಂಡುಕೊಂಡವರು ಹೆಂಗಸರು. ಸಾಂತಾ ಫೆಯ ಕ್ಲಿಯೊಫಾಸ್ ಹಾರಮಿಯೊ ಎಂಬಾಕೆಯು ಒಂದು ಪತ್ರಿಕೆಯಲ್ಲಿ ತಮ್ಮವರ ರೊಟ್ಟಿಯ ವಿಧಾನವು ತಪ್ಪಾಗಿ ಅಚ್ಚಾದುದನ್ನು ನೋಡಿ ನೊಂದರು. ೧೯೩೫ರಲ್ಲಿ ಹಳೆಯ ಆಚಾರಗಳನ್ನು ಉಳಿಸುವುದಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿ, ೧೯೩೯ರಲ್ಲಿ ಒಂದು ಪಾಕಗ್ರಂಥವನ್ನೂ ಪ್ರಕಟಿಸಿದರು. ೧೯೨೯ರಿಂದ ಸರ್ಕಾರದ ಗ್ರಾಮಶಿಕ್ಷಣ ಶಾಖೆಯಲ್ಲಿ ದುಡಿದ ಫಾಬಿಯೊಲಾ ಕಬೇಸಾ ದೆ ಬಾಕಾ ಎಂಬುವರು, ಬೊಗಸೆ ಹಿಡಿಗಳ ಲೆಕ್ಕದಲ್ಲಿದ್ದ ಅಡಿಗೆಗಳನ್ನು ಅಳತೆಗೆ ತಂದು ಬರೆದಿಟ್ಟರು. ಇಬ್ಬರೂ ಮಾಡಿದ್ದು ಒಂದೇ ಕೆಲಸ: ಬಾಯಿಯಿಂದ ಬಾಯಿಗೆ ಬಂದುದನ್ನು, ಆ ಬಾಯಿಗಳು ಮುಚ್ಚುವ ಮೊದಲೇ ಕಾಗದಕ್ಕೆ ಇಳಿಸಿದ್ದು.

೧೯೮೯ರ ಶಾಸನಕ್ಕೂ ಇದೇ ಉದ್ದೇಶವನ್ನು ಹೇಳಿದ್ದಾರೆ: ಮನೆಯಲ್ಲಿ ಸುಟ್ಟು ಮಾಡುವ ಸಾಂಪ್ರದಾಯಿಕ ಪಾಕವನ್ನು ಕಾಪಾಡುವುದು. ಈ ದಿನ ಬಿಸ್ಕೊಚಿತೊ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿ ಮಾರಾಟವಾಗುತ್ತದೆ. ಅದರಿಂದ ಹೆಸರು ಉಳಿಯುತ್ತದೆ. ಕೈಯ ಹದವು ಉಳಿಯುತ್ತದೆಂಬ ಭರವಸೆಯಿಲ್ಲ. ಶಾಸನಕ್ಕೆ ಅಕ್ಷರವನ್ನು ಗೊತ್ತುಮಾಡಲು ಸಾಧ್ಯವಾಯಿತು. ಮೊಮ್ಮಗಳನ್ನು ಡಿಸೆಂಬರ್ ತಿಂಗಳ ಒಂದು ಸಂಜೆ ಅಜ್ಜಿಯ ಪಕ್ಕದಲ್ಲಿ ನಿಲ್ಲಿಸಿ ಕಣಕ ನಾದಿಸಲು ಯಾವ ಶಾಸನಕ್ಕೂ ಸಾಧ್ಯವಿಲ್ಲ.

ಆದುದರಿಂದ ಆ ನಾಡಿನವರ ಜಗಳವನ್ನು ನಾವು ಹಗುರವಾಗಿ ಎಣಿಸಬಾರದು. ಎಸ್ ಎಂದೂ ಜೆಡ್ ಎಂದೂ, ಕೊಬ್ಬೆಂದೂ ಬೆಣ್ಣೆಯೆಂದೂ ಅವರು ವಾದಿಸುತ್ತಿರುವವರೆಗೆ, ಆ ತಿನಿಸನ್ನು ಮನೆಯಲ್ಲಿ ಮಾಡುವವರು ಇನ್ನೂ ಇದ್ದಾರೆಂದು ತಿಳಿಯಬಹುದು. ನಮ್ಮ ಮನಸ್ಸಿಗೆ ಅಂಜಿಕೆಯಾಗುವುದು, ಎಲ್ಲರೂ ಒಂದೇ ಅಕ್ಷರದಲ್ಲಿ ಬರೆದ ಒಂದೇ ಪೊಟ್ಟಣವನ್ನು ಕೊಂಡು ಸುಮ್ಮನಾಗುವ ದಿನವನ್ನು ನೆನೆದಾಗ.